ಹಳೆಯ ಕಾರಿನ ತೊಂದರೆ: ಕಿವಿಗೊಟ್ಟು ಕೇಳಿ

ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಆವನಿ ಹಳೆಯ ಗುಡಿಗಳಿಗೂ ಬಂಡೆಬೆಟ್ಟಕ್ಕೂ ಹೆಸರಾದ ಊರು. ಇಂಥ ಊರಿನಲ್ಲಿ ಒಂದು ಮನೆಯ ಹಳೆಯ ಕಾರು ನಡುರಾತ್ರಿ ನೆರೆಹೊರೆಯವರಿಗೂ ಆಸರೆ. ಹೆರಿಗೆ ನೋವೋ ಹಾವಿನ ಕಡಿತವೋ ಆದಾಗ ಎಂಜಿನ್ ಚಾಲೂ ಆಗದಿದ್ದರೆ ಏನು ಗತಿ? ತೊಂದರೆ ಎಲ್ಲಿದೆ ಎಂಬುದನ್ನು ಬಿಡುವಿದ್ದಾಗಲೇ ಪತ್ತೆ ಮಾಡಿಕೊಳ್ಳುವುದು ಒಳ್ಳೆಯದು. ಅದಕ್ಕೆ ಶಾಲೆಯಲ್ಲಿ ಕಲಿತ ಭೌತವಿಜ್ಞಾನವೇ ಸಾಕು. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರನ್ನು, ಅದರಲ್ಲೂ ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿಯನ್ನು, ಉದಾಹರಣೆಯಾಗಿ ತೆಗೆದುಕೊಳ್ಳೋಣ.

ದೀಪ ಉರಿಯುತ್ತದೆ, ಎಂಜಿನ್ ತಿರುಗದು

ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿದೆ. ಕೀಲಿ ತಿರುಗಿಸಿದರೆ ಮಾತ್ರ ಬರೀ 'ಟಕ್' ಸದ್ದು. ಏಕೆ ಹೀಗೆ? ಎರಡು ಹೆಡ್‌ಲೈಟುಗಳಿಗೆ ಬೇಕಾದ ವಿದ್ಯುತ್ತು ಸುಮಾರು 10 ಆಂಪಿಯರ್. ಸ್ಟಾರ್ಟರ್ ಮೋಟರಿಗೆ ಸುಮಾರು 100 ಆಂಪಿಯರ್ ಬೇಕು. ಬ್ಯಾಟರಿಯ ತುದಿಗೆ ಬಿಳಿ-ಹಸಿರು ಪುಡಿ ಹಿಡಿದು ಅಲ್ಲಿ 0.03 ಓಮ್ ರೋಧ ಉಂಟಾಗಿದೆ ಎನ್ನಿ. ಓಮ್ ನಿಯಮದಂತೆ ದೀಪ ಉರಿಯುವಾಗ ಅಲ್ಲಿ ನಷ್ಟವಾಗುವುದು 0.3 ವೋಲ್ಟ್ ಮಾತ್ರ. ಸ್ಟಾರ್ಟರ್ ತಿರುಗುವಾಗ ಆ ನಷ್ಟ 3 ವೋಲ್ಟ್, ಅಂದರೆ 12 ವೋಲ್ಟಿನಲ್ಲಿ ಕಾಲು ಭಾಗ! ಜೊತೆಗೆ ಅಲ್ಲಿ 300 ವಾಟ್ ಶಾಖವೂ ಹುಟ್ಟುತ್ತದೆ.

ಆದ್ದರಿಂದ ದೀಪ ಹಾಕಿಕೊಂಡೇ ಕೀಲಿ ತಿರುಗಿಸಿ ನೋಡಿ. ದೀಪ ಮಂಕಾಗದೆ ಉಳಿದರೆ ಸ್ಟಾರ್ಟರಿಗೆ ವಿದ್ಯುತ್ತೇ ತಲುಪುತ್ತಿಲ್ಲ. ದೀಪ ತೀರಾ ಮಂಕಾದರೆ, ಕೂಡಲೇ ಬ್ಯಾಟರಿಯ ತುದಿಗಳ ಬಳಿ ಎಚ್ಚರಿಕೆಯಿಂದ ಕೈಯಿಟ್ಟು ನೋಡಿ. ಬಿಸಿಯಾಗಿದ್ದರೆ ತಪ್ಪು ಸಂಪರ್ಕದ್ದು. ಉಜ್ಜಿ ತೊಳೆದು ಬಿಗಿ ಮಾಡಿದರೆ ಸಾಕು. ತಣ್ಣಗಿದ್ದರೆ ಬ್ಯಾಟರಿಯನ್ನು ಪರೀಕ್ಷೆ ಮಾಡಿಸಬೇಕು. ಬ್ಯಾಟರಿಯಿಂದ ಹೈಡ್ರೊಜನ್ ಹೊರಬರುವ ಸಾಧ್ಯತೆ ಇರುವುದರಿಂದ ಬೆಂಕಿಕಡ್ಡಿ ಹತ್ತಿರ ತರಬಾರದು.

ತಿರುಗುತ್ತದೆ, ಹತ್ತಿಕೊಳ್ಳದು

ಎಂಜಿನ್ ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ದೂರಬೇಡಿ. ಕೊರತೆ ಪೆಟ್ರೋಲಿನದು ಅಥವಾ ಕಿಡಿಯದು. ಹೊಗೆಕೊಳವೆಯ ಬಳಿ ಹಸಿ ಪೆಟ್ರೋಲಿನ ವಾಸನೆ ಬಂದರೆ ಇಂಧನ ಬರುತ್ತಿದೆ, ಕಿಡಿ ಸಾಲದು. ವಾಸನೆ ಇಲ್ಲದಿದ್ದರೆ ಇಂಧನದ ದಾರಿ ನೋಡಬೇಕು. ಚಳಿಗಾಲದ ಮುಂಜಾನೆ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಗಾಳಿಯನ್ನು ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಇರುವುದು ಅದಕ್ಕಾಗಿಯೇ. ಬಿರುಬಿಸಿಲಿನಲ್ಲಿ ನಿಧಾನವಾಗಿ ಏರು ಹತ್ತಿ ನಿಂತ ಕಾರಿನದು ಇದಕ್ಕೆ ತದ್ವಿರುದ್ಧ. ಕೊಳವೆಯಲ್ಲೇ ಪೆಟ್ರೋಲ್ ಕುದಿದು ಆವಿಯ ಗುಳ್ಳೆ ದಾರಿ ಕಟ್ಟುತ್ತದೆ. ಎಂಜಿನ್ ತಣಿಯುವವರೆಗೆ ಕಾಯುವುದೇ ಮದ್ದು.

ಸದ್ದಿನ ಲೆಕ್ಕ

ಎಂಜಿನ್ ಮಿನಿಟಿಗೆ 900 ಸುತ್ತು ತಿರುಗುತ್ತಿದ್ದರೆ ಕ್ರ್ಯಾಂಕ್ ದಂಡ ಸೆಕೆಂಡಿಗೆ 15 ಬಾರಿ ಸುತ್ತುತ್ತದೆ. ಕವಾಟಗಳನ್ನು ತೆರೆಯುವ ಕ್ಯಾಮ್ ದಂಡದ ವೇಗ ಅದರ ಅರ್ಧ, ಅಂದರೆ 7.5 ಸುತ್ತು. ಆದ್ದರಿಂದ ಒಂದು ಕವಾಟ ಸಡಿಲವಾಗಿದ್ದರೆ ಮೇಲುಭಾಗದಿಂದ ನಿಧಾನದ 'ಟಿಕ್ ಟಿಕ್' ಕೇಳುತ್ತದೆ. ಕೆಳಭಾಗದಿಂದ, ಅದಕ್ಕಿಂತ ದುಪ್ಪಟ್ಟು ವೇಗದಲ್ಲಿ, ಭಾರವಾದ 'ದಡ್ ದಡ್' ಬಂದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿರುವ ಸಂಶಯ. ಎಂಜಿನ್ ಮೇಲೆ ಭಾರ ಬಿದ್ದಾಗ ಈ ಸದ್ದು ಹೆಚ್ಚುತ್ತದೆ. ಏರಿನಲ್ಲಿ ಮಾತ್ರ 'ಕಿಣಿ ಕಿಣಿ' ಎಂದರೆ ಇಂಧನ ತಾನಾಗಿಯೇ ಅಕಾಲದಲ್ಲಿ ಉರಿಯುತ್ತಿದೆ. ಕಿಡಿಯ ಸಮಯವನ್ನು ಸರಿಪಡಿಸಬೇಕಾಗಬಹುದು.

ಸದ್ದಿನ ಮೂಲ ತಿಳಿಯದಿದ್ದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಬೇರೆ ಬೇರೆ ಕಡೆ ಒತ್ತಿ, ಹಿಡಿಯನ್ನು ಕಿವಿಯ ಹತ್ತಿರವಿಡಿ. ಗಾಳಿಯಲ್ಲಿ ಸದ್ದು ನಾಲ್ಕೂ ಕಡೆ ಚದುರುತ್ತದೆ. ಉಕ್ಕಿನ ಸರಳಿನಲ್ಲಿ ಅದು ಹೆಚ್ಚು ಚದುರದೆ ಕಿವಿಗೆ ಬರುತ್ತದೆ. ವೈದ್ಯರ ಸ್ಟೆತಾಸ್ಕೋಪಿನಂತೆಯೇ ಇದೂ ಸದ್ದಿಗೊಂದು ದಾರಿ. ಫ್ಯಾನು, ಬೆಲ್ಟುಗಳಿಂದ ಕೈ ಮತ್ತು ಬಟ್ಟೆ ದೂರವಿರಲಿ. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಅದು ಪ್ರಾಣ ತೆಗೆಯಬಲ್ಲದು.

ಯಾವುದು ತುರ್ತು?

'ಟಿಕ್ ಟಿಕ್' ಕೆಲವು ದಿನ ಕಾದೀತು. 'ದಡ್ ದಡ್' ಕಾಯದು. ಬೇರಿಂಗಿನಲ್ಲಿ ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಕೂದಲೆಳೆಗಿಂತಲೂ ತೆಳುವಾದ ಎಣ್ಣೆಯ ಪದರ. ಅದು ಹರಿದರೆ ರಾಡ್ ಮುರಿದು ಎಂಜಿನ್ನೇ ಒಡೆಯಬಹುದು. ಆ ಸದ್ದು ಕೇಳಿದರೆ ಅಥವಾ ಎಣ್ಣೆಯ ಕೆಂಪು ದೀಪ ಹತ್ತಿದರೆ ತಕ್ಷಣ ಎಂಜಿನ್ ನಿಲ್ಲಿಸಿ. ತುಸು ಹೊತ್ತಿನ ನಂತರ ಅಳತೆಕಡ್ಡಿಯಿಂದ ಎಣ್ಣೆಯ ಮಟ್ಟ ನೋಡಿ. ಮಟ್ಟ ಸರಿಯಿದ್ದರೂ ಕಾರನ್ನು ಓಡಿಸದೆ, ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ. ಸದ್ದು ಎಲ್ಲಿಂದ, ಯಾವಾಗ, ಎಷ್ಟು ವೇಗದಲ್ಲಿ ಬಂತೆಂದು ಮೆಕ್ಯಾನಿಕ್‌ಗೆ ಹೇಳಿದರೆ ಅವರ ಹುಡುಕಾಟವೂ ನಿಮ್ಮ ಖರ್ಚೂ ಕಡಿಮೆಯಾಗುತ್ತವೆ.