ಹೋಗಿ ಬನ್ನಿ: ಕಡಲಾಚೆ ಪಾಠ ಹೇಳುವ ನಮ್ಮ ಅಧ್ಯಾಪಕರು

ಹಲಸೂರಿನ ಸೋಮೇಶ್ವರ ದೇವಾಲಯದಿಂದ ಕೂಗಳತೆಯ ದೂರದಲ್ಲಿರುವ ಒಂದು ಮನೆ. ಆ ಮನೆಯ ಸೊಸೆ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಅಧ್ಯಾಪಕಿ. ಹನ್ನೆರಡು ವರ್ಷಗಳ ಬೋಧನೆಯ ಅನುಭವವುಳ್ಳ ಆಕೆಗೆ ವಿದೇಶದ ವಿಶ್ವವಿದ್ಯಾಲಯವೊಂದರಲ್ಲಿ ಕೆಲವು ತಿಂಗಳು ಪಾಠ ಹೇಳುವ ಅವಕಾಶಕ್ಕೆ ಅರ್ಜಿ ಸಲ್ಲಿಸಬೇಕೆಂಬ ಹಂಬಲ. ಒಂದು ಸಂಜೆ ಮನೆಯವರೆಲ್ಲ ಕುಳಿತಿರುವಾಗ ಆಕೆ ವಿಷಯವನ್ನು ಪ್ರಸ್ತಾಪಿಸಿದಳು. ಪತಿ ಮೌನವಾಗಿದ್ದರು. ಮಾವನವರು, "ಕಾಲೇಜಿನವರು ರಜೆ ಕೊಡುತ್ತಾರೇನಮ್ಮಾ?" ಎಂದು ಕೇಳಿದರು. ಅತ್ತೆಯವರು ಮಾತ್ರ ಮನಸ್ಸಿನಲ್ಲಿದ್ದುದನ್ನು ನೇರವಾಗಿ ಹೇಳಿಬಿಟ್ಟರು: "ಮಗಳು ಈ ವರ್ಷ ಎಂಟನೆಯ ತರಗತಿ. ತಾಯಿ ಮನೆಯಲ್ಲಿಲ್ಲದಿದ್ದರೆ ಹೇಗೆ? ಹೋದವರು ಅಲ್ಲಿಯೇ ಉಳಿದುಬಿಡುವುದನ್ನು ನಾವು ಕಂಡಿಲ್ಲವೇ?"

ಈ ಎರಡು ಪ್ರಶ್ನೆಗಳೂ ಸಾಮಾನ್ಯವಾದವಲ್ಲ. ಕಾಲೇಜು ಬಿಡುತ್ತದೆಯೇ ಎಂಬುದು ಮೊದಲನೆಯದು. ಹೋದವರು ಮರಳುತ್ತಾರೆಯೇ ಎಂಬುದು ಎರಡನೆಯದು. ನಮ್ಮ ಅನೇಕ ಕುಟುಂಬಗಳಲ್ಲಿ ಇಂದು ಅಧ್ಯಾಪಕ ವೃತ್ತಿಯಲ್ಲಿರುವ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಇದ್ದಾರೆ. ಆದ್ದರಿಂದ ಈ ವಿಷಯವನ್ನು ಮನೆಮಂದಿಯೆಲ್ಲ ಕುಳಿತು ವಿಚಾರಿಸುವುದು ಯೋಗ್ಯವೆಂದು ಭಾವಿಸಿ ಈ ಲೇಖನವನ್ನು ಓದುಗ ಬಂಧುಗಳ ಮುಂದಿಡಲಾಗಿದೆ.

ಬೆಳಗಾವಿಯ ಒಂದು ಕಾಲೇಜು

ವಿದೇಶದಲ್ಲಿ ಬೋಧನೆ ಎಂದೊಡನೆ ನಮ್ಮ ಕಣ್ಣ ಮುಂದೆ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಸುಳಿಯುತ್ತವೆ. ಆದರೆ ಕನ್ನಡ ನಾಡಿನ ಮಟ್ಟಿಗೆ ಈ ಕಥೆಯ ಒಂದು ಮುಖ್ಯ ಎಳೆ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ದೊರೆಯುತ್ತದೆ.

1916ರ ನವೆಂಬರ್ 13ರಂದು ಕೆಲವರು ತರುಣ ಅಧ್ಯಾಪಕರು ಮುಂದಾಗಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದರು. ಸಪ್ತರ್ಷಿಗಳೆಂದು ಜನ ಇಂದಿಗೂ ಅವರನ್ನು ನೆನೆಯುತ್ತಾರೆ. ಆ ಸಂಸ್ಥೆಯ ಆಶ್ರಯದಲ್ಲಿ 1933ರಲ್ಲಿ ಕಾಲೇಜು ಆರಂಭವಾಯಿತು. ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಮೀಸಲಿಟ್ಟು 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜರ ಹೆಸರು ಅದಕ್ಕೆ ಸಂದಿತು. ಸಮಾಜದ ಹಣದಿಂದ ನಿಂತ ಆ ಕಾಲೇಜು ಅಧ್ಯಾಪಕರನ್ನು ಆರಿಸುವಾಗ ವಿದ್ವತ್ತನ್ನು ಕಂಡಿತೇ ಹೊರತು ಕುಲವನ್ನು ಕೇಳಲಿಲ್ಲ. ಅದರ ಫಲವೇನಾಯಿತೆಂಬುದನ್ನು ನೋಡೋಣ.

ಅಲ್ಲಿ ಇಂಗ್ಲಿಷ್ ಬೋಧಿಸಿದವರಲ್ಲಿ ಕೆ. ಆರ್. ಶ್ರೀನಿವಾಸ ಅಯ್ಯಂಗಾರ್ ಒಬ್ಬರು. ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಶಿ. ಶಿ. ಬಸವನಾಳರ ಜೊತೆಗೂಡಿ ಅವರು ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದರು. 'ಮ್ಯೂಸಿಂಗ್ಸ್ ಆಫ್ ಬಸವ' ಎಂಬ ಆ ಪುಸ್ತಕ 1940ರಲ್ಲಿ ಹೊರಬಂದಿತು. ಮುಂದೆ ಆಂಧ್ರ ವಿಶ್ವವಿದ್ಯಾಲಯವನ್ನು ಸೇರಿದ ಅಯ್ಯಂಗಾರರು 1959ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಭಾರತೀಯರ ಇಂಗ್ಲಿಷ್ ಬರವಣಿಗೆಯನ್ನು ಕುರಿತು ಉಪನ್ಯಾಸಮಾಲೆ ನೀಡಿದರು. ಮರಳಿ ಬಂದು ಅದನ್ನೇ ವಿಸ್ತರಿಸಿ 1962ರಲ್ಲಿ 'ಇಂಡಿಯನ್ ರೈಟಿಂಗ್ ಇನ್ ಇಂಗ್ಲಿಷ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಇಂದು ನಮ್ಮ ಪದವಿ ಕಾಲೇಜುಗಳಲ್ಲಿ ಆ ಹೆಸರಿನ ವಿಷಯವನ್ನು ಮಕ್ಕಳು ಅಭ್ಯಾಸ ಮಾಡುತ್ತಾರೆ. ಹೊರನಾಡಿನಲ್ಲಿ ಹೇಳಿದ ಪಾಠ ತಾಯ್ನಾಡಿನ ತರಗತಿಗೆ ಮರಳಿ ಬಂದುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೇ?

ಅದೇ ಕಾಲೇಜಿನಲ್ಲಿ 1950ರ ದಶಕದಲ್ಲಿ ಮೈಸೂರಿನ ತರುಣರೊಬ್ಬರು ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಪಾಠ ಪ್ರವಚನಗಳ ಜೊತೆಗೆ ಆ ಸೀಮೆಯ ಜನಪದ ಕಥೆಗಳನ್ನು ಕೇಳಿ ಬರೆದುಕೊಳ್ಳುವ ಹವ್ಯಾಸ ಅವರದು. ಅವರೇ ಎ. ಕೆ. ರಾಮಾನುಜನ್. ಬೆಳಗಾವಿಯ ಬಳಿಕ ಬರೋಡ, ಪುಣೆಗಳನ್ನು ಹಾದು, ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ತೆರಳಿ 1963ರಲ್ಲಿ ಭಾಷಾವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಅಷ್ಟರಲ್ಲಿ ಷಿಕಾಗೋ ವಿಶ್ವವಿದ್ಯಾಲಯ ಅವರನ್ನು ಅಧ್ಯಾಪಕರನ್ನಾಗಿ ಬರಮಾಡಿಕೊಂಡಿತ್ತು. 1973ರಲ್ಲಿ ಅವರ 'ಸ್ಪೀಕಿಂಗ್ ಆಫ್ ಶಿವ' ಪ್ರಕಟವಾಯಿತು. ದೇವರ ದಾಸಿಮಯ್ಯ, ಬಸವಣ್ಣ, ಅಕ್ಕಮಹಾದೇವಿ, ಅಲ್ಲಮಪ್ರಭು ಈ ನಾಲ್ವರ ವಚನಗಳು ಪ್ರಪಂಚದ ಮೂಲೆ ಮೂಲೆಯ ಓದುಗರ ಕೈಸೇರಿದವು. ಕನ್ನಡದ ಒಂದಕ್ಷರವನ್ನೂ ಅರಿಯದ ಪರದೇಶದ ವಿದ್ಯಾರ್ಥಿಗಳು ಅಕ್ಕನ ಮಾತನ್ನು ಪಠ್ಯವಾಗಿ ಓದುವಂತಾಯಿತು.

ಬಾರದವರು, ಬಂದವರು

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ರಾಮಾನುಜನ್ ಅವರು ಮರಳಿ ಬಂದು ಇಲ್ಲಿ ನೆಲೆಸಲಿಲ್ಲ. 1993ರಲ್ಲಿ ಷಿಕಾಗೋದಲ್ಲಿಯೇ ತೀರಿಕೊಂಡರು. ಅವರು ಅಲ್ಲಿದ್ದುದರಿಂದಲೇ ವಚನಗಳಿಗೆ ಜಗತ್ತಿನ ಬಾಗಿಲು ತೆರೆಯಿತೆಂಬುದು ನಿಜ. ಅಂಥ ಗುರುವಿನ ಎದುರು ಕುಳಿತು ಕಲಿಯುವ ಭಾಗ್ಯ ನಮ್ಮ ಊರುಗಳ ಮಕ್ಕಳಿಗೆ ತಪ್ಪಿತೆಂಬುದೂ ಅಷ್ಟೇ ನಿಜ. ಹಲಸೂರಿನ ಆ ಅತ್ತೆಯವರ ಅಂಜಿಕೆಯನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕುವಂತಿಲ್ಲ.

ಆದರೆ ಬಂದವರ ಉದಾಹರಣೆಯೂ ನಮ್ಮೆದುರಿಗಿದೆ. ನಮ್ಮ ನಾಡಿನ ಕಾಲೇಜುಗಳಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದರು. ಅಲ್ಲಿ ಸಂಶೋಧನೆ ನಡೆಸುತ್ತಿದ್ದಾಗಲೇ ಕನ್ನಡದಲ್ಲಿ 'ಸಂಸ್ಕಾರ' ಕಾದಂಬರಿಯನ್ನು ಬರೆದರು. ಅದು 1965ರಲ್ಲಿ ಪ್ರಕಟವಾಯಿತು. 1966ರಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿ ಮೈಸೂರಿನಲ್ಲಿ ದಶಕಗಳ ಕಾಲ ಪಾಠ ಹೇಳಿದರು. ಆ ಕಾದಂಬರಿಯನ್ನು 1976ರಲ್ಲಿ ಇಂಗ್ಲಿಷಿಗೆ ಅನುವಾದಿಸಿದವರು ಅಲ್ಲಿಯೇ ಉಳಿದ ರಾಮಾನುಜನ್. ಬಂದವರೂ ಬಾರದವರೂ ಕೂಡಿ ಮಾಡಿದ ಕೆಲಸವಿದು.

ಕನ್ನಡವನ್ನೇ ವಿಷಯವಾಗಿ ಹೊತ್ತು ಹೋದವರೂ ಇದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಬಿ. ಎ. ವಿವೇಕ ರೈ ಅವರು ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿ ಕನ್ನಡ ಕಲಿಸಿದರು. ಇತ್ತ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆ ಮೈಸೂರಿನಲ್ಲಿ ವಿದೇಶೀ ವಿದ್ಯಾರ್ಥಿಗಳಿಗಾಗಿ ಕನ್ನಡ ತರಗತಿಗಳನ್ನು ನಡೆಸಿದೆ. ಹಡಗು ವಿಮಾನ ಹತ್ತದೆಯೂ ಪರದೇಶದವರಿಗೆ ಗುರುವಾಗಬಹುದೆಂಬುದಕ್ಕೆ ಇದು ಸಾಕ್ಷಿ.

ಅವಕಾಶಗಳು ಎಲ್ಲಿವೆ?

ಈಗ ವ್ಯವಹಾರದ ಮಾತಿಗೆ ಬರೋಣ. ಎರಡನೆಯ ಮಹಾಯುದ್ಧ ಮುಗಿದಾಗ ಹೊರದೇಶಗಳಲ್ಲಿ ಉಳಿದಿದ್ದ ಯುದ್ಧಸಾಮಗ್ರಿಯನ್ನು ಮಾರಿ ಬಂದ ಹಣವನ್ನು ವಿದ್ಯಾ ವಿನಿಮಯಕ್ಕೆ ಬಳಸಬೇಕೆಂಬ ಯೋಚನೆ ಅಮೆರಿಕದ ಸೆನೆಟರ್ ಫುಲ್‌ಬ್ರೈಟ್ ಅವರಿಗೆ ಹೊಳೆಯಿತು. 1946ರಲ್ಲಿ ಅದು ಕಾನೂನಾಯಿತು. ಭಾರತ ಮತ್ತು ಅಮೆರಿಕದ ನಡುವೆ 1950ರ ಫೆಬ್ರವರಿ 2ರಂದು ಒಪ್ಪಂದವಾಯಿತು. 2008ರಲ್ಲಿ ಭಾರತ ಸರ್ಕಾರವೂ ಸಮಪಾಲು ವೆಚ್ಚ ವಹಿಸಲು ಒಪ್ಪಿದ ಮೇಲೆ ಈ ವೇತನಗಳಿಗೆ ಫುಲ್‌ಬ್ರೈಟ್-ನೆಹರೂ ಎಂಬ ಹೆಸರು ಬಂದಿತು. ಕಾಲೇಜು ಅಧ್ಯಾಪಕರಿಗೆ ಬೋಧನೆ ಅಥವಾ ಸಂಶೋಧನೆ ಇಲ್ಲವೇ ಎರಡಕ್ಕೂ ಕೆಲವು ತಿಂಗಳ ಅವಧಿಯ ವೇತನ ಇದರಲ್ಲಿದೆ. ಎಳೆಯ ವಯಸ್ಸಿನ ಅಧ್ಯಾಪಕರು ಅಲ್ಲಿನ ಕಾಲೇಜುಗಳಲ್ಲಿ ಭಾರತೀಯ ಭಾಷೆಯನ್ನು ಕಲಿಸುತ್ತ ತಾವೂ ಕಲಿಯುವ ಒಂಬತ್ತು ತಿಂಗಳ ಮತ್ತೊಂದು ಯೋಜನೆಯೂ ಇದೆ. ಯಾವ ವರ್ಷ ಯಾವ ಭಾಷೆಗೆ ಅವಕಾಶ, ವಯೋಮಿತಿ ಎಷ್ಟು, ಕೊನೆಯ ದಿನಾಂಕ ಯಾವುದು ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳತಕ್ಕದ್ದು.

ಭಾರತ ಸರ್ಕಾರದ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು 1950ರಲ್ಲಿ ಮೌಲಾನಾ ಆಜಾದರಿಂದ ಸ್ಥಾಪಿತವಾದದ್ದು. ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿ ಭಾರತ ಅಧ್ಯಯನ ಪೀಠಗಳನ್ನು ಸ್ಥಾಪಿಸಿ ಅವುಗಳಿಗೆ ಇಲ್ಲಿಂದ ಪ್ರಾಧ್ಯಾಪಕರನ್ನು ಕಳುಹಿಸುವುದು ಅದರ ಕಾರ್ಯಗಳಲ್ಲೊಂದು. ಬ್ರಿಟನ್ನಿನ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಯೋಜನೆ 1959ರಲ್ಲಿ ರೂಪುಗೊಂಡಿತು. ಜರ್ಮನಿಯ ಡಿ.ಎ.ಎ.ಡಿ. ಸಂಸ್ಥೆ 1925ರಷ್ಟು ಹಿಂದಿನದು. ಅಲ್ಪಕಾಲದ ಸಂಶೋಧನಾ ವಾಸಕ್ಕೆ ಅಧ್ಯಾಪಕರಿಗೆ ಅದು ನೆರವಾಗುತ್ತ ಬಂದಿದೆ.

ಇವೆಲ್ಲಕ್ಕೂ ಸಾಮಾನ್ಯವಾಗಿ ಬೇಕಾದವು ಇಷ್ಟು: ಅಲ್ಲಿ ಏನು ಮಾಡುವಿರಿ, ಬಂದ ಮೇಲೆ ಇಲ್ಲಿ ಏನು ಮಾಡುವಿರಿ ಎಂಬುದನ್ನು ಸ್ಪಷ್ಟವಾಗಿ ಹೇಳುವ ಯೋಜನಾ ಬರಹ, ನಿಮ್ಮ ಕೆಲಸವನ್ನು ಬಲ್ಲವರ ಶಿಫಾರಸು ಪತ್ರಗಳು, ಪ್ರಕಟವಾದ ಲೇಖನಗಳು, ಕಾಲೇಜಿನ ಒಪ್ಪಿಗೆ. ಅರ್ಜಿ ಹಾಕುವುದಕ್ಕೂ ಹೊರಡುವುದಕ್ಕೂ ನಡುವೆ ಬಹುತೇಕ ಒಂದು ವರ್ಷ ಹಿಡಿಯುವುದರಿಂದ ಪಾಸ್‌ಪೋರ್ಟನ್ನು ಮುಂಚೆಯೇ ಮಾಡಿಸಿಟ್ಟುಕೊಳ್ಳುವುದು ಲೇಸು. ಫುಲ್‌ಬ್ರೈಟಿನಂಥ ವೇತನಕ್ಕೆ ದಲ್ಲಾಳಿಗಳ ಅಗತ್ಯವಿಲ್ಲ. ಆಯ್ಕೆ ಮಾಡಿಸಿಕೊಡುತ್ತೇವೆಂದು ಹಣ ಕೇಳುವವರನ್ನು ಹೊಸ್ತಿಲಿನಾಚೆಯೇ ನಿಲ್ಲಿಸಬೇಕು.

ಅತ್ತೆಯವರ ಪ್ರಶ್ನೆಗೂ ಇಲ್ಲೊಂದು ಉತ್ತರವಿದೆ. ಫುಲ್‌ಬ್ರೈಟ್ ವೇತನದ ಮೇಲೆ ಹೋದವರು ಅವಧಿ ತೀರಿದ ಬಳಿಕ ಎರಡು ವರ್ಷ ತಾಯ್ನಾಡಿನಲ್ಲಿ ಕಳೆಯಬೇಕೆಂಬ ನಿಬಂಧನೆಯುಂಟು. ಅದನ್ನು ಪೂರೈಸದೆ ಆ ದೇಶದಲ್ಲಿ ಕಾಯಂ ನೆಲೆಸುವ ಅನುಮತಿಗೆ ಸಾಮಾನ್ಯವಾಗಿ ಅರ್ಹತೆ ದೊರೆಯದು. ಈ ಯೋಜನೆಯನ್ನು ರೂಪಿಸಿದವರೇ ಮರಳಿ ಬರುವುದನ್ನು ಅದರ ಒಂದು ಅಂಗವಾಗಿ ಇಟ್ಟಿದ್ದಾರೆ.

ಆಡಳಿತ ಮಂಡಳಿಗಳಲ್ಲಿ ಒಂದು ಬಿನ್ನಹ

ಇನ್ನು ಮಾವನವರ ಪ್ರಶ್ನೆ. ಖಾಯಂ ಹುದ್ದೆಯಲ್ಲಿರುವವರಿಗೆ ಅಧ್ಯಯನ ರಜೆ, ಕರ್ತವ್ಯ ರಜೆಗಳ ನಿಯಮಗಳುಂಟು. ನಿಯಮವಿದ್ದರೂ ನಿರಾಕ್ಷೇಪಣಾ ಪತ್ರ ಮೇಜಿನಿಂದ ಮೇಜಿಗೆ ಸರಿಯುವಷ್ಟರಲ್ಲಿ ಕೊನೆಯ ದಿನಾಂಕ ದಾಟಿಹೋದ ಸಂಗತಿಗಳು ಅಧ್ಯಾಪಕರ ಕೋಣೆಗಳಲ್ಲಿ ಕೇಳಿಬರುತ್ತವೆ. ನಾಡಿನ ಕಾಲೇಜುಗಳಲ್ಲಿ ದುಡಿಯುವ ಸಾವಿರಾರು ಅತಿಥಿ ಉಪನ್ಯಾಸಕರ ಪಾಡಂತೂ ಇನ್ನೂ ಕಷ್ಟ. ಅವರಿಗೆ ರಜೆಯ ಭದ್ರತೆಯಿಲ್ಲ. ಹೋಗಿ ಬಂದರೆ ಅದೇ ಜಾಗ ಸಿಕ್ಕೀತೆಂಬ ಭರವಸೆಯಿಲ್ಲ. ಅರ್ಹತೆಯಿದ್ದೂ ಅವರು ಅರ್ಜಿಯನ್ನೇ ಹಾಕದಿರುವುದರಲ್ಲಿ ಆಶ್ಚರ್ಯವೇನು?

ಆದ್ದರಿಂದ ಸಮಾಜದ ವಿದ್ಯಾಸಂಸ್ಥೆಗಳನ್ನು ನಡೆಸುವ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೇ. ಆಯ್ಕೆಯಾದ ಅಧ್ಯಾಪಕರಿಗೆ ಮರಳಿದಾಗ ಹುದ್ದೆ ಇರುವುದೆಂದು ಬರಹದಲ್ಲಿ ಕೊಡಿರಿ. ಒಪ್ಪಿಗೆ ಪತ್ರಕ್ಕೆ ದಿನಗಳ ಮಿತಿ ಹಾಕಿರಿ. ಅವರು ಬಂದ ಮೇಲೆ ಕಲಿತದ್ದನ್ನು ಸಹೋದ್ಯೋಗಿಗಳಿಗೂ ಮಕ್ಕಳಿಗೂ ಹಂಚುವಂತೆ ಒಂದು ವೇದಿಕೆಯನ್ನು ಕಲ್ಪಿಸಿರಿ. ದುಡಿದದ್ದನ್ನು ಹಂಚಿಕೊಳ್ಳುವುದೇ ದಾಸೋಹವೆಂದು ನಂಬಿದ ಸಮಾಜಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಲಸೂರಿನ ನೆರೆಹೊರೆಗೂ ಈ ಪರಂಪರೆ ಹೊಸದಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ 1873ರಲ್ಲಿಯೇ ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಎಂಬ ವರ್ತಕರು ಬಡ ಮಕ್ಕಳಿಗಾಗಿ ಶಾಲೆ ತೆರೆದರು. ಗಳಿಸಿದ್ದು ವಿದ್ಯೆಯ ರೂಪದಲ್ಲಿ ಊರಿಗೆ ಸಂದಾಗಲೇ ಸಾರ್ಥಕವೆಂದು ಅಂಥ ಹಿರಿಯರು ಅರಿತಿದ್ದರು.

ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಾಗ ನಾವೆಲ್ಲರೂ ಹರ್ಷಪಟ್ಟೆವು. ಹರ್ಷ ಸಹಜವೇ. ಆದರೆ ಆ ಪ್ರತಿಮೆಯ ಮುಂದೆ ನಿಂತ ಪರದೇಶದ ಹುಡುಗನೊಬ್ಬ "ಈ ಮಹಾನುಭಾವರು ಏನು ಹೇಳಿದರು?" ಎಂದು ಕೇಳಿದರೆ, ಉತ್ತರಿಸಲು ಒಬ್ಬ ಅಧ್ಯಾಪಕರು ಬೇಕು. ಭೌತಶಾಸ್ತ್ರವನ್ನೋ ವಾಣಿಜ್ಯವನ್ನೋ ಕಲಿಸಲು ಹೋದವರೂ ತಮ್ಮ ನಡೆನುಡಿಯಿಂದ ಆ ಉತ್ತರವನ್ನು ಕೊಡುತ್ತಲೇ ಇರುತ್ತಾರೆ.

ಹೋಗಿ ಬಾ

ಹಲಸೂರಿನ ಆ ಮನೆಯ ಮಾತು ಅಂದೇ ಮುಗಿಯಲಿಲ್ಲ. ಹಲವು ವಾರ ನಡೆಯಿತು. ಪತಿ ತಮ್ಮ ಕಚೇರಿಯ ವೇಳೆಯನ್ನು ಬದಲಿಸಿಕೊಂಡು ಮಗಳ ಅಭ್ಯಾಸ ನೋಡಿಕೊಳ್ಳಲು ಒಪ್ಪಿದರು. ಮಾವನವರು ತಾವೇ ಗಣಿತ ಹೇಳಿಕೊಡುತ್ತೇನೆಂದರು. ಮಗಳೂ ಧೈರ್ಯ ಹೇಳಿದಳು. ಕೊನೆಗೆ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಬಂದ ಅತ್ತೆಯವರು ಸೊಸೆಯನ್ನು ಕರೆದು ಹೇಳಿದರು: "ಅರ್ಜಿ ಹಾಕಮ್ಮಾ. ಆಯ್ಕೆಯಾದರೆ ಹೋಗಿ ಬಾ. ಮನೆ ಇಲ್ಲೇ ಇರುತ್ತದೆ." ಆಕೆ ಅರ್ಜಿ ಸಲ್ಲಿಸಿದ್ದಾಳೆ, ಫಲಿತಾಂಶಕ್ಕಾಗಿ ಕಾಯುತ್ತಿದ್ದಾಳೆ.

ನಮ್ಮ ಮನೆಗಳಲ್ಲಿ ಹೊರಟವರಿಗೆ ಯಾರೂ 'ಹೋಗು' ಎನ್ನುವುದಿಲ್ಲ. 'ಹೋಗಿ ಬಾ' ಎನ್ನುತ್ತೇವೆ. ಹೊರಡುವವರೂ 'ಹೋಗಿ ಬರುತ್ತೇನೆ' ಎಂದೇ ಹೇಳಿ ಹೊಸ್ತಿಲು ದಾಟುತ್ತಾರೆ. ಅಧ್ಯಾಪಕರ ಕಡಲಾಚೆಯ ಪಯಣಕ್ಕೂ ಈ ಎರಡು ಮಾತುಗಳೇ ಸಾಕು. ಕಳುಹಿಸುವ ಮನೆಯೂ ಕಾಲೇಜೂ ಮೊದಲನೆಯದನ್ನು ತುಂಬು ಮನಸ್ಸಿನಿಂದ ಹೇಳಲಿ. ಹೊರಟ ಗುರುಗಳು ಎರಡನೆಯದನ್ನು ನಡೆಸಿಕೊಡಲಿ.