ಕ್ಲೌಡ್ ತಂತ್ರಾಂಶಗಳ ಸ್ವಯಂಚಾಲಿತ ಪರೀಕ್ಷೆ: ಸ್ಥಳೀಯ ಎಮ್ಯುಲೇಟರಿನ ಉಪಯೋಗ ಮತ್ತು ಮಿತಿ

ಅಮೆಜಾನ್ ಸಂಸ್ಥೆಯು 2006ರಲ್ಲಿ ಎಸ್-3 ಎಂಬ ಸಂಗ್ರಹ ಸೇವೆಯನ್ನು ಆರಂಭಿಸಿದ ನಂತರ, ಸ್ವಂತ ಸರ್ವರ್ ಕೊಳ್ಳದೆ ಗಣಕ ಸೌಲಭ್ಯವನ್ನು ಬಾಡಿಗೆಗೆ ಪಡೆಯುವ ಪದ್ಧತಿಯು ವ್ಯಾಪಕವಾಗಿ ಬೆಳೆದಿದೆ. ಬಿಲ್ಲಿಂಗ್, ದಾಸ್ತಾನು ಮತ್ತು ವೇತನ ನಿರ್ವಹಣೆಯ ಅನೇಕ ತಂತ್ರಾಂಶಗಳು ಇಂದು ಕ್ಲೌಡ್ ಸೇವೆಗಳನ್ನು ಅವಲಂಬಿಸಿವೆ. ಇಂತಹ ತಂತ್ರಾಂಶಗಳನ್ನು ಗ್ರಾಹಕರಿಗೆ ಒಪ್ಪಿಸುವ ಮುನ್ನ ಎಲ್ಲಿ, ಹೇಗೆ ಪರೀಕ್ಷಿಸಬೇಕೆಂಬುದು ತಯಾರಕರಿಗೂ ಬಳಕೆದಾರರಿಗೂ ಮಹತ್ವದ ವಿಷಯವಾಗಿದೆ.

ಸಮಸ್ಯೆಯ ಸ್ವರೂಪ

ತಂತ್ರಾಂಶದಲ್ಲಿ ಬದಲಾವಣೆಯಾದಾಗಲೆಲ್ಲ ಅದನ್ನು ಜೋಡಿಸಿ ಪರೀಕ್ಷಿಸುವ ಸ್ವಯಂಚಾಲಿತ ಬಿಲ್ಡ್ ವ್ಯವಸ್ಥೆ ಈಗ ಸಾಮಾನ್ಯ. ಹತ್ತು ಮಂದಿ ತಂತ್ರಜ್ಞರು ದಿನಕ್ಕೆ ಐದು ಬಾರಿ ಬದಲಾವಣೆ ಸಲ್ಲಿಸಿದರೆ ಐವತ್ತು ಸಲ ಪರೀಕ್ಷೆ ನಡೆಯುತ್ತದೆ. ಇವೆಲ್ಲವೂ ನೈಜ ಕ್ಲೌಡಿನಲ್ಲಿಯೇ ನಡೆದರೆ ಮೂರು ತೊಂದರೆಗಳು ಎದುರಾಗುತ್ತವೆ. ಮೊದಲನೆಯದು ವೆಚ್ಚ, ಪರೀಕ್ಷೆ ಮುಗಿದರೂ ಅಳಿಸದೆ ಉಳಿದ ಸೌಲಭ್ಯಗಳಿಗೆ ಬಿಲ್ಲು ಬರುತ್ತಲೇ ಇರುತ್ತದೆ. ಎರಡನೆಯದಾಗಿ, ಏಕಕಾಲಕ್ಕೆ ನಡೆಯುವ ಪರೀಕ್ಷೆಗಳು ಒಂದರ ಮಾಹಿತಿಯನ್ನು ಇನ್ನೊಂದು ಕೆಡಿಸಬಹುದು. ಮೂರನೆಯದು ಹೆಚ್ಚು ಗಂಭೀರ: ಬಿಲ್ಡ್ ಯಂತ್ರದಲ್ಲಿ ಖಾತೆಯ ಗುಪ್ತ ಕೀಲಿಗಳನ್ನು ಇರಿಸಬೇಕಾಗುತ್ತದೆ. ಅವು ಸೋರಿಹೋದರೆ, ಅಥವಾ ತಪ್ಪು ಖಾತೆಗೆ ಸೇರಿದವಾಗಿದ್ದರೆ, ಗ್ರಾಹಕರ ದಾಖಲೆಗಳೇ ಅಳಿಸಿಹೋಗುವ ಅಪಾಯವುಂಟು.

ಎಮ್ಯುಲೇಟರ್ ಎಂದರೇನು?

ಕ್ಲೌಡ್ ಸೇವೆಯಂತೆಯೇ ಉತ್ತರಿಸುವ, ಆದರೆ ನಮ್ಮ ಗಣಕಯಂತ್ರದಲ್ಲಿಯೇ ನಡೆಯುವ ತಂತ್ರಾಂಶವೇ ಸ್ಥಳೀಯ ಎಮ್ಯುಲೇಟರ್. ಅಮೆಜಾನ್ ಸೇವೆಗಳನ್ನು ಅನುಕರಿಸುವ ಲೋಕಲ್‌ಸ್ಟ್ಯಾಕ್ ಒಂದು ಡಾಕರ್ ಕಂಟೈನರ್ ರೂಪದಲ್ಲಿ ನಡೆದು, 4566ನೆಯ ಪೋರ್ಟಿನಲ್ಲಿ ಉತ್ತರಿಸುತ್ತದೆ. ಮೈಕ್ರೋಸಾಫ್ಟ್‌ನ ಅಜೂರ್ ಸಂಗ್ರಹ ಸೇವೆಗೆ ಅಜುರೈಟ್ ಇದೆ. ಗೂಗಲ್ ಸಹ ಪಬ್‌ಸಬ್, ಫೈರ್‌ಸ್ಟೋರ್ ಮೊದಲಾದ ಸೇವೆಗಳಿಗೆ ಎಮ್ಯುಲೇಟರ್ ಒದಗಿಸಿದೆ. ಇವುಗಳೊಡನೆ ಪರೀಕ್ಷಿಸುವಾಗ ನೈಜ ಕ್ಲೌಡ್ ಖಾತೆಯ ಕೀಲಿಗಳು ಬೇಕಾಗುವುದಿಲ್ಲ.

ಅಳವಡಿಕೆಯಲ್ಲಿ ಪಾಲಿಸಬೇಕಾದ ಕ್ರಮಗಳು

1. ಸೇವೆಯ ವಿಳಾಸವನ್ನು ಪ್ರೋಗ್ರಾಮಿನೊಳಗೆ ಬರೆಯದೆ, ಹೊರಗಿನ ಸಂರಚನೆಯಿಂದ ಓದುವಂತೆ ಮಾಡಬೇಕು. ಆಗ ಅದೇ ಪ್ರೋಗ್ರಾಂ ಎಮ್ಯುಲೇಟರಿನೊಡನೆಯೂ ನೈಜ ಕ್ಲೌಡಿನೊಡನೆಯೂ ಕೆಲಸ ಮಾಡುತ್ತದೆ.

2. ಎಮ್ಯುಲೇಟರಿನ ನಿರ್ದಿಷ್ಟ ಆವೃತ್ತಿಯನ್ನೇ ನಮೂದಿಸಬೇಕು. ಉಚಿತವಾಗಿ ದೊರೆಯುವ ಸೌಲಭ್ಯಗಳ ವ್ಯಾಪ್ತಿ ಕಾಲಕಾಲಕ್ಕೆ ಬದಲಾಗುವುದರಿಂದ, ಆವೃತ್ತಿ ಬದಲಿಸುವ ಮುನ್ನ ಪರವಾನಗಿಯ ಷರತ್ತುಗಳನ್ನು ಓದುವುದು ಅಗತ್ಯ.

3. ಕಂಟೈನರ್ ಆರಂಭವಾದ ಮಾತ್ರಕ್ಕೆ ಸೇವೆ ಸಿದ್ಧವಾಗಿದೆ ಎಂದರ್ಥವಲ್ಲ. ಸಿದ್ಧತೆಯನ್ನು ವಿಚಾರಿಸಿ ಖಚಿತಪಡಿಸಿಕೊಂಡ ನಂತರವೇ ಪರೀಕ್ಷೆ ಆರಂಭಿಸಬೇಕು.

4. ಪರೀಕ್ಷೆಯು ಬೇರೊಂದು ಕಂಟೈನರಿನಲ್ಲಿ ನಡೆಯುತ್ತಿದ್ದರೆ ಲೋಕಲ್‌ಹೋಸ್ಟ್ ಎಂಬ ವಿಳಾಸವು ಆ ಕಂಟೈನರನ್ನೇ ಸೂಚಿಸುತ್ತದೆ. ಅಲ್ಲಿ ಎಮ್ಯುಲೇಟರ್ ಕಂಟೈನರಿನ ಹೆಸರನ್ನು ಬಳಸಬೇಕು.

5. ಪ್ರತಿ ಬಾರಿಯೂ ಹೊಸ ಎಮ್ಯುಲೇಟರನ್ನು ಆರಂಭಿಸಿ, ಪರೀಕ್ಷೆ ಮುಗಿದೊಡನೆ ತೆಗೆದುಹಾಕಬೇಕು.

ಮರೆಯಬಾರದ ಮಿತಿಗಳು

ಎಮ್ಯುಲೇಟರಿನಲ್ಲಿ ತೇರ್ಗಡೆಯಾದ ತಂತ್ರಾಂಶವು ನೈಜ ಕ್ಲೌಡಿನಲ್ಲಿ ವಿಫಲವಾಗಬಹುದು. ಅನುಮತಿಗಳ ವಿಷಯವೇ ಇದಕ್ಕೆ ನಿದರ್ಶನ. ಲೋಕಲ್‌ಸ್ಟ್ಯಾಕ್, ಪ್ರತ್ಯೇಕವಾಗಿ ಸೂಚಿಸದ ಹೊರತು, ಯಾರಿಗೆ ಯಾವ ಅಧಿಕಾರವಿದೆ ಎಂಬುದನ್ನು ಪರಿಶೀಲಿಸುವುದಿಲ್ಲ. ನೈಜ ಸೇವೆಯಾದರೋ ಅನುಮತಿಯಿಲ್ಲದ ಕೋರಿಕೆಯನ್ನು ತಿರಸ್ಕರಿಸುತ್ತದೆ. ಜಾಲದ ವಿಳಂಬ ಹಾಗೂ ಕೋರಿಕೆಗಳ ಮಿತಿಗಳೂ ಎಮ್ಯುಲೇಟರಿನಲ್ಲಿ ಯಥಾವತ್ತಾಗಿ ಕಾಣಿಸುವುದಿಲ್ಲ.

ಇನ್ನೊಂದು ಉದಾಹರಣೆ ಅಮೆಜಾನ್ ಎಸ್‌ಕ್ಯೂಎಸ್ ಸೇವೆಯದು. ಇದರ ಸಾಮಾನ್ಯ ಸರದಿಯು ಒಂದೇ ಸಂದೇಶವನ್ನು ಕೆಲವೊಮ್ಮೆ ಎರಡು ಬಾರಿ ತಲುಪಿಸಬಹುದು. ತಂತ್ರಾಂಶವು ಇದಕ್ಕೆ ಸಿದ್ಧವಾಗಿರದಿದ್ದರೆ ಒಂದೇ ಮಾರಾಟಕ್ಕೆ ಎರಡು ಬಿಲ್ಲುಗಳಾಗುತ್ತವೆ; ತೆರಿಗೆ ಲೆಕ್ಕವೂ ತಪ್ಪುತ್ತದೆ. ಎಮ್ಯುಲೇಟರ್ ಇಂತಹ ಪುನರಾವರ್ತನೆಯನ್ನು ತಾನಾಗಿ ತೋರಿಸುವುದೆಂದು ನಂಬಿ ಕೂರುವಂತಿಲ್ಲ. ಒಂದೇ ಸಂದೇಶವನ್ನು ಉದ್ದೇಶಪೂರ್ವಕವಾಗಿ ಎರಡು ಬಾರಿ ಕಳುಹಿಸುವ ಪರೀಕ್ಷೆಯನ್ನು ನಾವೇ ರಚಿಸಬೇಕು.

ಆದುದರಿಂದ ಎರಡು ಹಂತಗಳ ವ್ಯವಸ್ಥೆ ಸೂಕ್ತ. ಪ್ರತಿಯೊಂದು ಬದಲಾವಣೆಯನ್ನೂ ಎಮ್ಯುಲೇಟರಿನಲ್ಲಿ ಪರೀಕ್ಷಿಸಬೇಕು. ಬಿಡುಗಡೆಗೆ ಮುನ್ನ ಅನುಮತಿ ಮೊದಲಾದ ಆಯ್ದ ಅಂಶಗಳನ್ನು ನೈಜ ಕ್ಲೌಡಿನಲ್ಲಿ, ವೆಚ್ಚದ ಎಚ್ಚರಿಕೆ ಅಳವಡಿಸಿದ ಪ್ರತ್ಯೇಕ ಖಾತೆಯಲ್ಲಿ, ಪರೀಕ್ಷಿಸಬೇಕು. ಹೊರಗಿನಿಂದ ತಂತ್ರಾಂಶ ಮಾಡಿಸಿಕೊಳ್ಳುವ ಸದಸ್ಯರು, ಪರೀಕ್ಷೆ ಎಲ್ಲಿ ನಡೆಯುತ್ತದೆ, ಬಿಲ್ಡ್ ಯಂತ್ರದಲ್ಲಿ ಯಾವ ಕೀಲಿಗಳಿವೆ, ನೈಜ ಕ್ಲೌಡಿನಲ್ಲಿ ಪರೀಕ್ಷಿಸಿದ ಅಂಶಗಳು ಯಾವುವು ಎಂಬ ಮೂರು ಪ್ರಶ್ನೆಗಳಿಗೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಲಿಖಿತ ಉತ್ತರ ಪಡೆಯುವುದು ಹಿತಕರ.