ಪಾಳಿಯಲ್ಲಿ ನಿಂತ ಲೆಕ್ಕಗಳು

ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಯಲ್ಲಿ ಬೀಜ ಹುಡುಕಿದರೆ ಸಿಗುವುದಿಲ್ಲ. ತಾಯಿಗಿಡದ ಬುಡದಲ್ಲೇಳುವ ಕಂದನ್ನು ಕಿತ್ತು ನೆಟ್ಟೇ ಬೆಳೆಸಬೇಕು. ಗೊನೆ ಕೈಗೆ ಬರುವುದಕ್ಕೂ ಬೇರೆ ಬಾಳೆಗಿಂತ ಹೆಚ್ಚು ತಿಂಗಳು ಕಾಯಬೇಕು. ಬೀಜ ಯಾಕಿಲ್ಲ ಎಂಬುದಕ್ಕೆ ಉತ್ತರ ಗಿಡದ ಜೀವಕೋಶದಲ್ಲಿದೆ. ನಮ್ಮ ನಿಮ್ಮ ಹಾಗೆ ವರ್ಣತಂತುಗಳು ಅಲ್ಲಿ ಜೋಡಿಯಾಗಿಲ್ಲ, ಮೂರು ಮೂರರ ಗುಂಪಾಗಿವೆ. ಒಟ್ಟು 33. ಮೂರನ್ನು ಎರಡು ಸಮಪಾಲು ಮಾಡಲಾಗದ ಕಾರಣ ಬೀಜ ಕಟ್ಟುವ ಕೆಲಸ ನಡುವೆಯೇ ಕೆಡುತ್ತದೆ.

ತಿನ್ನುವವರಿಗೆ ಇದು ಅನುಕೂಲ. ಆ ಗಿಡದ ವಂಶವಾಹಿಯನ್ನು (ಜೀನೋಮ್) ಪೂರ್ತಿ ಓದಬೇಕೆಂದು ಕೂತವರಿಗೆ ಮಾತ್ರ ತಲೆನೋವು. ವಂಶವಾಹಿಯನ್ನು ತುದಿಯಿಂದ ತುದಿಗೆ ಒಂದೇ ಉಸಿರಿನಲ್ಲಿ ಓದುವ ಯಂತ್ರ ಇಲ್ಲ. ತುಣುಕು ತುಣುಕಾಗಿ ಓದಿ, ಒಂದರ ಬಾಲ ಇನ್ನೊಂದರ ತಲೆಗೆ ಹೊಂದುತ್ತದೆಯೇ ಎಂದು ನೋಡಿ ಸೇರಿಸುತ್ತಾ ಹೋಗಬೇಕು. ಹೆಚ್ಚುಕಡಿಮೆ ಒಂದೇ ಥರದ ಮೂರು ಪ್ರತಿಗಳಿದ್ದಾಗ ಯಾವ ತುಣುಕು ಯಾವ ಪ್ರತಿಯದು ಎಂದು ಹೇಳುವುದು ಹೇಗೆ? 2012ರಲ್ಲಿ ಬಾಳೆಯ ವಂಶವಾಹಿಯನ್ನು ಮೊದಲ ಬಾರಿ ಓದಿದ ವಿಜ್ಞಾನಿಗಳು ಈ ತಂಟೆಯೇ ಬೇಡವೆಂದು, ಎರಡೂ ಪ್ರತಿ ತದ್ರೂಪವಾಗಿರುವಂತೆ ಪ್ರಯೋಗಾಲಯದಲ್ಲಿ ತಯಾರಿಸಿದ ಗಿಡವೊಂದನ್ನು ಆರಿಸಿಕೊಂಡಿದ್ದರು. ಅದರಲ್ಲೇ 52 ಕೋಟಿಯಷ್ಟು ಡಿಎನ್‌ಎ ಅಕ್ಷರಗಳಿದ್ದವು.

ತೊಗರಿಯದು ಇನ್ನೂ ದೊಡ್ಡದು, 83 ಕೋಟಿ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ರಾಜೀವ್ ವಾರ್ಷ್ನೇಯ ಅವರ ನೇತೃತ್ವದಲ್ಲಿ ಹಲವು ದೇಶಗಳ ತಂಡ ಅದನ್ನು ಓದಿ ಮುಗಿಸಿ, 2011ರ ಕೊನೆಗೆ ಫಲಿತಾಂಶ ಪ್ರಕಟಿಸಿತು. ಆರಿಸಿಕೊಂಡದ್ದು ‘ಆಶಾ’ ತಳಿ. ಯಂತ್ರಗಳು ಉಗುಳಿದ ತುಣುಕುಗಳನ್ನೆಲ್ಲ ಕೂಡಿದರೆ 23,720 ಕೋಟಿ ಅಕ್ಷರ! ಅದನ್ನೆಲ್ಲ ಜೋಡಿಸಿದ ಮೇಲೆ ಕೈಗೆ ಬಂದದ್ದು ವಂಶವಾಹಿಯ ಶೇ 72.7 ಭಾಗ ಮತ್ತು 48,680 ಜೀನ್‌ಗಳ ಪಟ್ಟಿ. 2017ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು 292 ತೊಗರಿ ತಳಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರು. 2022ರ ಹಂಗಾಮಿನಲ್ಲಿ ನೆಟೆರೋಗಕ್ಕೆ ಹೊಲಕ್ಕೆ ಹೊಲವೇ ಒಣಗಿದ್ದನ್ನು ಕಂಡ ಕಲಬುರಗಿ ಜಿಲ್ಲೆಗೆ ಈ ಅಂಕಿಗಳು ದೂರದ ಮಾತಲ್ಲ. ಯಾವ ತಳಿ ನೆಟೆರೋಗಕ್ಕೆ ಮಣಿಯುವುದಿಲ್ಲ, ಆ ಗುಣ ಯಾವ ಜೀನ್‌ನಲ್ಲಿದೆ ಎಂಬ ಹುಡುಕಾಟ ಹೊಲದಲ್ಲಿ ಎಷ್ಟು ನಡೆಯುತ್ತದೋ ಈಗ ಕಂಪ್ಯೂಟರಿನಲ್ಲೂ ಅಷ್ಟೇ ನಡೆಯುತ್ತದೆ.

ಆದರೆ ಮೇಜಿನ ಮೇಲಿನ ಕಂಪ್ಯೂಟರಿಗೆ ಈ ಹೊರೆ ಆಗದು. ಅದಕ್ಕೆಂದೇ ಇರುವುದು ಕ್ಲಸ್ಟರ್.

ಕ್ಲಸ್ಟರ್ ಎಂದರೆ ಒಂದು ಮಹಾಯಂತ್ರವಲ್ಲ. ಸಾಧಾರಣ ಕಂಪ್ಯೂಟರುಗಳನ್ನೇ ಕಪಾಟಿನಂಥ ಚೌಕಟ್ಟುಗಳಲ್ಲಿ ಸಾಲಾಗಿ ಪೇರಿಸಿ, ಅತಿವೇಗದ ಕೇಬಲ್‌ಗಳಿಂದ ಬೆಸೆದು, ಎಲ್ಲವೂ ಸೇರಿ ಒಂದೇ ಲೆಕ್ಕ ಮಾಡುವಂತೆ ಪಳಗಿಸಿದ ಪಡೆ. 1994ರಲ್ಲಿ ಅಮೆರಿಕದ ನಾಸಾದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅಂಗಡಿಯಲ್ಲಿ ಸಿಗುವಂಥ 16 ಪ್ರೊಸೆಸರ್‌ಗಳನ್ನು ಜೋಡಿಸಿ ‘ಬೇವುಲ್ಫ್’ ಕಟ್ಟಿದರು. ಸೂಪರ್ ಕಂಪ್ಯೂಟರ್ ಕೊಳ್ಳುವಷ್ಟು ದುಡ್ಡಿಲ್ಲದ ವಿಶ್ವವಿದ್ಯಾಲಯಗಳಿಗೆ ಬಾಗಿಲು ತೆರೆದದ್ದು ಆ ಪ್ರಯೋಗ. ಅದಕ್ಕೂ ಮೊದಲೇ, 1991ರಲ್ಲಿ, ವಿಜಯ್ ಭಾಟ್ಕರ್ ಅವರ ಮುಂದಾಳುತನದಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆ ಅನೇಕ ಪ್ರೊಸೆಸರ್‌ಗಳನ್ನು ಕೂಡಿಸಿ ‘ಪರಮ್ 8000’ ತಯಾರಿಸಿತ್ತು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ನಮ್ಮ ರಾಜ್ಯದಲ್ಲಿ ಇಂಥ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ಪದ್ಧತಿಯ ಹಳೆಯ ಮನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. 1970ರಲ್ಲಿ ಅಲ್ಲಿ ಎಲ್ಲ ವಿಭಾಗಗಳಿಗೂ ಸೇರಿ ಒಂದು ಕಂಪ್ಯೂಟರ್ ಕೇಂದ್ರ ಶುರುವಾಯಿತು. 1990ರಲ್ಲಿ ಅದೇ ಸೂಪರ್ ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವಾಯಿತು. ಎಲ್ಲರೂ ‘ಸರ್ಕ್’ ಎನ್ನುತ್ತಾರೆ. 2015ರಲ್ಲಿ ಕ್ರೇ ಕಂಪನಿಯ ‘ಸಹಸ್ರಟಿ’ ಬಂತು, 2022ರಲ್ಲಿ ‘ಪರಮ್ ಪ್ರವೇಗ’. ಪ್ರವೇಗದ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ. ‘ಕೋಟಿ’ ಎರಡು ಸಲ ಬಂದದ್ದು ಅಚ್ಚಿನ ತಪ್ಪಲ್ಲ. ಪೇರಿಸಿದ ಒಂದೊಂದು ಕಂಪ್ಯೂಟರಿಗೂ ‘ನೋಡ್’ ಎಂದು ಹೆಸರು. ಪ್ರವೇಗದಲ್ಲಿ 600ಕ್ಕೂ ಹೆಚ್ಚು ನೋಡ್‌ಗಳು, ಸಾಮಾನ್ಯ ನೋಡ್ ಒಂದೊಂದರಲ್ಲೂ ಲೆಕ್ಕ ಮಾಡುವ 48 ಕೋರ್‌ಗಳು, ಜೊತೆಗೆ 4 ಪೆಟಾಬೈಟ್ ಸಂಗ್ರಹ. ವಂಶವಾಹಿ ಜೋಡಿಸುವಂಥ ಕೆಲಸಕ್ಕೆ ಪ್ರೊಸೆಸರ್‌ಗಿಂತ ನೆನಪಿನ ಹಸಿವು ಜಾಸ್ತಿ. ಅಂಥವಕ್ಕೆಂದು 768 ಗಿಗಾಬೈಟ್ ನೆನಪುಳ್ಳ ನೋಡ್‌ಗಳನ್ನು ಬೇರೆಯಾಗಿ ಇಟ್ಟಿದ್ದಾರೆ. ಅಲ್ಲಿ ಹವಾಮಾನದವರು, ವಿಮಾನದ ರೆಕ್ಕೆಯ ಸುತ್ತ ಗಾಳಿ ಹರಿಯುವುದನ್ನು ಲೆಕ್ಕ ಹಾಕುವವರು, ಔಷಧದ ಅಣು ಹುಡುಕುವವರು ಎಲ್ಲರೂ ಒಂದೇ ಯಂತ್ರದ ಬಾಡಿಗೆದಾರರು.

ಹಾಗಾದರೆ ಜಗಳವಾಗುವುದಿಲ್ಲವೇ? ಅಲ್ಲೇ ಇದೆ ಈ ವ್ಯವಸ್ಥೆಯ ಜಾಣತನ. ನನ್ನ ಮಟ್ಟಿಗೆ ಪೆಟಾಫ್ಲಾಪ್‌ಗಿಂತ ಇದೇ ಸೋಜಿಗ. ಊರಿನ ಹಿಟ್ಟಿನ ಗಿರಣಿಯನ್ನು ನೆನೆದುಕೊಳ್ಳಿ. ಜೋಳದ ಡಬ್ಬಿಯ ಮೇಲೆ ಹೆಸರು ಬರೆದು ಪಾಳಿಗೆ ಇಟ್ಟು ಮನೆಗೆ ಹೋಗುತ್ತೇವೆ. ಲಗ್ನದ ಮನೆಯವರ ಹತ್ತು ಚೀಲದ ಸರದಿ ಬಂದಿದೆ, ಆದರೆ ಚೀಲಗಳಿನ್ನೂ ಪೂರ್ತಿ ಬಂದು ಸೇರಿಲ್ಲ ಅನ್ನಿ. ಗಿರಣಿಯವನು ಸುಮ್ಮನೆ ಕೂರದೆ ಹಿಂದಿನ ಅಜ್ಜಿಯ ಎರಡು ಸೇರು ಬೀಸಿ ಕೊಟ್ಟುಬಿಡುತ್ತಾನೆ. ಹತ್ತು ಚೀಲದವರಿಗೆ ಒಂದು ನಿಮಿಷವೂ ತಡವಾಗುವುದಿಲ್ಲ. ಕ್ಲಸ್ಟರಿನಲ್ಲಿ ಈ ಕೆಲಸ ಮಾಡುವುದು ಶೆಡ್ಯೂಲರ್ ಎಂಬ ತಂತ್ರಾಂಶ. ‘ಸ್ಲರ್ಮ್’ ಎಂಬುದು ಅವುಗಳಲ್ಲಿ ಹೆಚ್ಚು ಬಳಕೆಯದು. ದೊಡ್ಡ ಲೆಕ್ಕವೊಂದು ನೂರು ನೋಡ್ ಖಾಲಿಯಾಗಲೆಂದು ಕಾಯುತ್ತಿರುವಾಗ, ಅಷ್ಟರೊಳಗೆ ಮುಗಿದುಹೋಗುವ ಚಿಕ್ಕ ಲೆಕ್ಕಗಳನ್ನು ಅದು ಸಂದಿಯಲ್ಲಿ ತೂರಿಸುತ್ತದೆ. ಕಳೆದ ವಾರವೆಲ್ಲ ಯಂತ್ರವನ್ನು ಹೆಚ್ಚು ಉಂಡವರ ಸರದಿ ತುಸು ಹಿಂದಕ್ಕೆ ಸರಿಯುತ್ತದೆ. ಪ್ರಾಧ್ಯಾಪಕರೆಂದು ವಿಶೇಷ ಮರ್ಯಾದೆ ಕೊಡುವ ಗುಣ ಅದಕ್ಕಿಲ್ಲ.

ಬಳಸುವವರು ಮಾಡಬೇಕಾದದ್ದು ಇಷ್ಟೇ. ತಮ್ಮ ಲ್ಯಾಬಿನ ಕಂಪ್ಯೂಟರಿನಿಂದಲೇ ‘ಲಾಗಿನ್ ನೋಡ್’ ಎಂಬ ಪಡಸಾಲೆಗೆ ಬರಬೇಕು. ನನಗೆ ಇಷ್ಟು ನೋಡ್, ಇಷ್ಟು ತಾಸು, ಇಷ್ಟು ನೆನಪು ಬೇಕು ಎಂದು ಹತ್ತು ಸಾಲಿನ ಚೀಟಿ ಬರೆದು ಸಲ್ಲಿಸಬೇಕು. ಕೇಳಿದ ಹೊತ್ತು ಮುಗಿಯಿತೋ, ಲೆಕ್ಕ ಅರ್ಧಕ್ಕಿದ್ದರೂ ಯಂತ್ರ ಅದನ್ನು ಕೊಂದು ಮುಂದಿನವರನ್ನು ಕರೆಯುತ್ತದೆ. ಆದ್ದರಿಂದ ಬಲ್ಲವರು ನಡುನಡುವೆ ಲೆಕ್ಕದ ಸ್ಥಿತಿಯನ್ನು ಬರೆದಿಟ್ಟುಕೊಳ್ಳುತ್ತಾರೆ. ಹೊಸಬರು ಪಡಸಾಲೆಯಲ್ಲೇ ಕೂತು ಇಡೀ ಪ್ರೋಗ್ರಾಮ್ ಓಡಿಸಿ, ಒಳಬರಲು ನಿಂತ ಉಳಿದವರನ್ನೆಲ್ಲ ಕಟ್ಟಿಹಾಕುತ್ತಾರೆ. ಆಮೇಲೆ ವ್ಯವಸ್ಥಾಪಕರಿಂದ ಅಷ್ಟೇನೂ ಮಧುರವಲ್ಲದ ಮೇಲ್ ಬರುತ್ತದೆ. ಪ್ರಪಂಚದ ಎಲ್ಲ ಕ್ಲಸ್ಟರುಗಳಲ್ಲೂ ಇದು ಹೊಸಬರ ಉಪನಯನ.

ನೋಡ್ ಹೆಚ್ಚಿಸಿದಷ್ಟೂ ವೇಗ ಹೆಚ್ಚುತ್ತದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 1967ರಷ್ಟು ಹಿಂದೆಯೇ ಜೀನ್ ಆಮ್ಡಾಲ್ ಇದನ್ನು ತೋರಿಸಿಕೊಟ್ಟಿದ್ದಾರೆ. ಒಂದು ಲೆಕ್ಕದಲ್ಲಿ ನೂರಕ್ಕೆ ಐದು ಪಾಲು ಒಂದಾದ ಮೇಲೊಂದರಂತೆಯೇ ಮಾಡಬೇಕಾದದ್ದಾದರೆ, ಸಾವಿರ ಕೋರ್ ಕೊಟ್ಟರೂ ಲಕ್ಷ ಕೋರ್ ಕೊಟ್ಟರೂ ವೇಗ ಇಪ್ಪತ್ತು ಪಟ್ಟು ದಾಟದು. ಹೀಗಾಗಿ ಒಳ್ಳೆಯ ಪ್ರೋಗ್ರಾಮ್ ಬರೆಯಬಲ್ಲ ಒಬ್ಬ ವಿದ್ಯಾರ್ಥಿನಿ ಹತ್ತು ಹೊಸ ನೋಡ್‌ಗಳಿಗೆ ಸಮ. ಟೆಂಡರ್ ಕರೆಯುವವರು ಈ ಮಾತನ್ನು ಅಷ್ಟಾಗಿ ಕೇಳಿಸಿಕೊಳ್ಳುವುದಿಲ್ಲ.

ಕಲಬುರಗಿಗೆ ಬರೋಣ. 1980ರ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ಸ್ಥಾಪನೆಯಾಗಿ ಈಗ ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ, 2017ರ ಶರಣಬಸವ ವಿಶ್ವವಿದ್ಯಾಲಯ, 1958ರಷ್ಟು ಹಳೆಯ ಪಿಡಿಎ ಎಂಜಿನಿಯರಿಂಗ್ ಕಾಲೇಜು, ವಿಟಿಯು ಪ್ರಾದೇಶಿಕ ಕೇಂದ್ರ, ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಸಂಶೋಧನಾ ಕೇಂದ್ರ. ಒಂದು ಊರಿನ ಸುತ್ತ ಇಷ್ಟು ಸಂಸ್ಥೆಗಳಿರುವುದು ಕಡಿಮೆಯಲ್ಲ. ಲೆಕ್ಕಕ್ಕೆ ಬೇಕಾದ ದತ್ತಾಂಶವೂ ಇಲ್ಲೇ ಹುಟ್ಟುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಕಮಲಾಪುರದ ಒಂದೇ ಒಂದು ಮಾಪಕ ವರ್ಷಕ್ಕೆ 35,040 ಸಲ ಮಾತಾಡುತ್ತದೆ ಎಂದಾಯಿತು. ಅದಕ್ಕೆ ಉಪಗ್ರಹದ ಚಿತ್ರ, ಮಣ್ಣಿನ ಪರೀಕ್ಷೆ, ತೊಗರಿಯ ಇಳುವರಿ ಸೇರಿಸಿದರೆ ಯಾವ ವಿಭಾಗದ ಕಂಪ್ಯೂಟರೂ ಏದುಸಿರು ಬಿಡುತ್ತದೆ.

ಬೆಂಗಳೂರಿನ ಯಂತ್ರವನ್ನು ಇಲ್ಲಿಂದ ಬಳಸಲಾಗದೆ? 2015ರಲ್ಲಿ 4,500 ಕೋಟಿ ರೂಪಾಯಿಯ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್‌ಗೆ ಒಪ್ಪಿಗೆ ಸಿಕ್ಕಾಗ ಹೇಳಿದ್ದೇ ಇದು: ದೇಶದ ಎಪ್ಪತ್ತಕ್ಕೂ ಹೆಚ್ಚು ಇಂಥ ಕೇಂದ್ರಗಳನ್ನು ರಾಷ್ಟ್ರೀಯ ಜ್ಞಾನ ಜಾಲದ ಮೂಲಕ ಬೆಸೆಯುವುದು. ಪ್ರವೇಗ ಬಂದದ್ದೂ ಆ ಮಿಷನ್‌ನಿಂದಲೇ. ಚೀಟಿ ಕಳಿಸಲು ಆರುನೂರು ಕಿಲೊಮೀಟರ್ ಅಡ್ಡಿಯಲ್ಲ. ಅಡ್ಡಿಯಾಗುವುದು ದತ್ತಾಂಶದ ಭಾರ. ಹತ್ತು ಟೆರಾಬೈಟ್ ಕಳಿಸಬೇಕೆನ್ನಿ. ಸೆಕೆಂಡಿಗೆ ನೂರು ಮೆಗಾಬಿಟ್‌ನ ಸಂಪರ್ಕ ಎಲ್ಲೂ ಕಡಿಯದೆ ನಡೆದರೂ ಒಂಬತ್ತು ದಿನ ದಾಟುತ್ತದೆ. ಹಾರ್ಡ್ ಡಿಸ್ಕನ್ನು ಚೀಲದಲ್ಲಿ ಹಾಕಿ ರಾತ್ರಿ ಬಸ್ಸಿಗೆ ಕೂತರೆ ಬೆಳಗಾಗುವಷ್ಟರಲ್ಲಿ ಮೆಜೆಸ್ಟಿಕ್! ಬಿಗ್ ಡೇಟಾದವರು ಇದನ್ನು ಬೇಗನೆ ಕಂಡುಕೊಂಡು, ದತ್ತಾಂಶವನ್ನು ಲೆಕ್ಕದ ಬಳಿಗೆ ಹೊರುವ ಬದಲು ಲೆಕ್ಕವನ್ನೇ ದತ್ತಾಂಶದ ಬಳಿಗೆ ಕಳಿಸುವ ದಾರಿ ಹಿಡಿದರು. ಆ ದಾರಿಯ ಹೆಸರಾಂತ ತಂತ್ರಾಂಶ ‘ಹಡೂಪ್’. ಅದನ್ನು ಕಟ್ಟಿದ ಡಗ್ ಕಟಿಂಗ್ ಅವರ ಮಗನ ಆಟಿಕೆ ಆನೆಯ ಹೆಸರದು.

ಅದಕ್ಕೇ ನನಗನಿಸುವುದು, ಕಲಬುರಗಿಗೆ ತನ್ನದೇ ಒಂದು ಸಾಧಾರಣ ಕ್ಲಸ್ಟರ್ ಬೇಕು, ಮತ್ತು ಅದು ಎಲ್ಲರದ್ದಾಗಿರಬೇಕು. ವಿಭಾಗಕ್ಕೊಂದು ದುಬಾರಿ ವರ್ಕ್‌ಸ್ಟೇಷನ್ ಕೊಂಡು, ಮುಖ್ಯಸ್ಥರ ಕೋಣೆಯಲ್ಲಿ ಹೊದಿಕೆ ಹೊದಿಸಿ ಬೀಗ ಹಾಕುವ ರೂಢಿ ನಮ್ಮ ಕಾಲೇಜುಗಳಿಗೆ ಹೊಸದಲ್ಲ. ಅದು ವರ್ಷದಲ್ಲಿ ಹನ್ನೊಂದು ತಿಂಗಳು ನಿದ್ದೆ ಮಾಡುತ್ತದೆ. ಅದೇ ದುಡ್ಡನ್ನು ಒಟ್ಟುಗೂಡಿಸಿದರೆ ಒಂದು ಯಂತ್ರ ಹಗಲೂ ರಾತ್ರಿ ದುಡಿಯುತ್ತದೆ. ಸಣ್ಣ ಲೆಕ್ಕ ಇಲ್ಲೇ ಮುಗಿಯಲಿ, ಇಲ್ಲಿಗೆ ನಿಲುಕದ್ದು ಪ್ರವೇಗದ ಪಾಳಿಗೆ ಹೋಗಲಿ. ಕಲಿಕೆಗಷ್ಟೇ ಆದರೆ ಸಿ-ಡ್ಯಾಕ್‌ನ ‘ಪರಮ್ ಶಾವಕ್’ ಮೇಜಿನ ಬದಿಗೆ ಹಿಡಿಸುವಷ್ಟು ಚಿಕ್ಕದು. ಕಲ್ಯಾಣ ಕರ್ನಾಟಕಕ್ಕೆಂದೇ ಅನುದಾನ ಹಂಚುವ ಮಂಡಳಿಯ ಕಚೇರಿಯೂ ಇದೇ ಊರಿನಲ್ಲಿದೆ.

ಬಿಸಿಲಿನ ಪ್ರಶ್ನೆ ಬರುತ್ತದೆ, ಬರಲೇಬೇಕು. ಏಪ್ರಿಲ್‌ನಲ್ಲಿ 42 ಡಿಗ್ರಿ ಮುಟ್ಟುವ ಊರಲ್ಲಿ ನೂರಾರು ಪ್ರೊಸೆಸರ್‌ಗಳ ಕಾವನ್ನು ಹೊರಹಾಕುವುದು ಹುಡುಗಾಟವಲ್ಲ. ಆದರೆ ಪ್ರವೇಗದಂಥ ಯಂತ್ರಗಳಲ್ಲಿ ಕೋಣೆಯನ್ನೆಲ್ಲ ತಣ್ಣಗಾಗಿಸುವ ಬದಲು ಪ್ರೊಸೆಸರ್ ಬೆನ್ನಿಗೇ ಕೊಳವೆಯಲ್ಲಿ ನೀರು ಹರಿಸುತ್ತಾರೆ. ಅದು ಫ್ರಿಜ್ಜಿನ ನೀರೇ ಆಗಬೇಕಿಲ್ಲ, ಉಗುರುಬೆಚ್ಚಗಿದ್ದರೂ ಸಾಕು. ಕರೆಂಟ್ ಹೋಗಿಬರುವ ಸಮಸ್ಯೆಗೆ ಯುಪಿಎಸ್, ಜನರೇಟರ್‌ಗಳ ಉತ್ತರವಿದೆ.

ದುಡ್ಡಿಗೆ ಸಿಗದಿರುವುದು ಯಂತ್ರ ನೋಡಿಕೊಳ್ಳುವವರು. ಕೆಟ್ಟ ಡಿಸ್ಕ್ ಬದಲಿಸುವ, ಹೊಸ ತಂತ್ರಾಂಶ ಕೂರಿಸುವ, ಸಸ್ಯಶಾಸ್ತ್ರದ ಹುಡುಗನ ತಪ್ಪುಚೀಟಿಯನ್ನು ತಾಳ್ಮೆಯಿಂದ ತಿದ್ದಿಕೊಡುವ ಇಬ್ಬರು ಮೂವರು ಎಂಜಿನಿಯರುಗಳು. ಅವರು ಪಾಠ ಹೇಳುವವರಲ್ಲವಾದ್ದರಿಂದ ಅಧ್ಯಾಪಕರ ಪಟ್ಟಿಯಲ್ಲಿಲ್ಲ, ಕಡತ ನೋಡುವವರಲ್ಲವಾದ್ದರಿಂದ ಆಡಳಿತದ ಪಟ್ಟಿಯಲ್ಲೂ ಇಲ್ಲ. ಬಹಳ ಕಡೆ ಅವರನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುತ್ತಾರೆ. ಎರಡು ವರ್ಷ ಕಲಿತು ಕೈ ಪಳಗುವ ಹೊತ್ತಿಗೆ ಅವರು ಬೆಂಗಳೂರಿನ ಇಲ್ಲವೇ ಹೈದರಾಬಾದಿನ ರೈಲು ಹತ್ತಿರುತ್ತಾರೆ. ಯೋಜನಾ ವರದಿಯಲ್ಲಿ ಯಂತ್ರದ ಬೆಲೆ ಬರೆಯುವ ಸಾಲಿಗಿಂತ ಮೊದಲು ಅವರ ಕಾಯಂ ಹುದ್ದೆಗಳ ಸಾಲು ಬರಲಿ.